ಗಂಡನ ಪ್ರಯಾಣ ವೆಚ್ಚ

ಮಮತಾಳಿಗೆ ಅರಸೀಕೆರೆಯಿಂದ ವಿರೂಪಾಕ್ಷಿಪುರದ ಪಶು ಆಸ್ಪತ್ರೆಗೆ ವರ್ಗವಾಯಿತು. ಅವಳು ಕೇಳಿಕೊಂಡಿದ್ದಲ್ಲ. ಇಲ್ಲಿ ಇನ್‌ಸ್ಪೆಕ್ಟರ್ ಹುದ್ದೆ ಖಾಲಿ ಬಿದ್ದಿತ್ತು, ಕಳಿಸಿದರು. ಗಂಡ ಯೋಗಾನಂದ ಅರಸೀಕೆರೆಯಲ್ಲಿ ಟೈಲರ್. ಹೆಂಡತಿಯನ್ನೂ ಮಗಳು ಪುಟ್ಟಿಯನ್ನೂ ಬಾಡಿಗೆ ಮನೆಗೆ ತಂದು ಬಿಟ್ಟು, ಗ್ಯಾಸ್ ಸ್ಟೌ ಜೋಡಿಸಿಕೊಟ್ಟು, "ಭಾನುವಾರ ಭಾನುವಾರ ಬರ್ತೀನಿ" ಎಂದು ವಾಪಸು ಹೋದ.

ಪ್ರಯಾಣ ಭತ್ಯೆಯ ಬಿಲ್ಲು ಬರೆಸಲು ಮಮತಾ ಚನ್ನಪಟ್ಟಣದ ಕಚೇರಿಗೆ ಹೋದಾಗ ಗುಮಾಸ್ತ ಸಾಬೀರ್ ಕೇಳಿದ: "ನಿಮ್ದು, ಮಗಳ್ದು, ಲಾರಿದು ಆಯ್ತು. ಯಜಮಾನ್ರದು?"

"ಅವರು ಬಿಟ್ಟು ಹೋಗೋಕೆ ಬಂದಿದ್ರು ಅಷ್ಟೆ."

"ಹಂಗಾದ್ರೆ ಬರಲ್ಲ ಮೇಡಂ. ಮನೆ ಬದಲಾಯ್ಸಿ ಬರ್ಬೇಕು. ಆರು ತಿಂಗಳ ಒಳಗೆ ಬಂದ್ರೆ ಸೇರಿಸ್ಬೋದು. ಗಂಡನೂ ಕುಟುಂಬನೇ ಅಲ್ವಾ?"

ಭಾನುವಾರ ಊಟಕ್ಕೆ ಕೂತಾಗ ಅವಳು ಇದನ್ನು ನಗುತ್ತಲೇ ಹೇಳಿದಳು. ಯೋಗಾನಂದನ ಕೈ ತಟ್ಟೆಯಲ್ಲೇ ನಿಂತಿತು.

"ನನ್ನ ಬಸ್ ಚಾರ್ಜು ನಿನ್ನ ಬಿಲ್ಲಲ್ಲಾ? ಜನ ಏನಂದಾರು?"

"ಜನ ಏನೂ ಅನ್ನಲ್ಲ. ನಿಮಗೇ ಹಂಗನ್ನಿಸ್ತಿರೋದು."

ಅವನು ಎದ್ದು ಕೈತೊಳೆದು ಬಸ್ಸು ಹಿಡಿದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ.

ಒಂದು ದಿನ ಪುಟ್ಟಿ ಫೋನಿನಲ್ಲಿ ಹೇಳಿದಳು: "ಸ್ಕೂಲಲ್ಲಿ ಯೂನಿಫಾರ್ಮ್ ಬಟ್ಟೆ ಕೊಟ್ರು ಅಪ್ಪ. ಅಮ್ಮ ಚನ್ನಪಟ್ಟಣದಲ್ಲಿ ಹೊಲಿಯಕ್ಕೆ ಹಾಕ್ತಾಳಂತೆ."

ತನ್ನ ಮಗಳ ಬಟ್ಟೆಗೆ ಇನ್ನೊಬ್ಬ ಟೈಲರ್ ಅಳತೆ ತೆಗೆಯುವುದೆಂದರೇನು? ಮಾರನೇ ದಿನವೇ ಕತ್ತರಿ, ಟೇಪು ಹಿಡಿದು ಯೋಗಾನಂದ ಬಂದಿಳಿದ. ಮನೆಯೊಡತಿ ವೆಂಕಟಲಕ್ಷ್ಮಮ್ಮನ ಅಟ್ಟದಲ್ಲಿದ್ದ ಹಳೇ ಹೊಲಿಗೆ ಯಂತ್ರ ಇಳಿಸಿ, ಎಣ್ಣೆ ಬಿಟ್ಟು, ಜಗುಲಿಯಲ್ಲಿ ಕೂತು ಹೊಲಿದ. ವೆಂಕಟಲಕ್ಷ್ಮಮ್ಮ ಪುಟ್ಟಿಯ ಲಂಗದ ನೆರಿಗೆಗಳನ್ನು ಎಳೆದು ನೋಡಿದಳು.

"ನಮ್ ಮೊಮ್ಮಗೀದೂ ಒಸಿ ಹೊಲ್ಕೊಡಪ್ಪ."

ಸಂಜೆಯ ಹೊತ್ತಿಗೆ ಜಗುಲಿ ತುಂಬ ತಾಯಂದಿರು, ಮಕ್ಕಳು. "ಇಲ್ಲೇ ಇದ್ಬುಡಪ್ಪ, ಪ್ಯಾಟೆಗೆ ತಿರುಗೋದು ತಪ್ತದೆ" ಎಂದಳು ವೆಂಕಟಲಕ್ಷ್ಮಮ್ಮ. ಯೋಗಾನಂದ ಅಂದು ಬಸ್ಸಿಗೆ ಹೋಗಲಿಲ್ಲ.

"ಅರಸೀಕೆರೆ ಅಂಗಡಿ ತಮ್ಮನಿಗೆ ಬಿಟ್ಟುಕೊಟ್ರೆ ಹೆಂಗೆ?" ಎಂದು ರಾತ್ರಿ ಊಟಕ್ಕೆ ಕೂತಾಗ ಮಮತಾಳನ್ನು ಕೇಳಿದ.

"ಬಿಲ್ಲಿಗೋಸ್ಕರ ಬರ್ಬೇಡಿ."

"ಬಿಲ್ಲಿಗಲ್ಲ ಕಣೆ. ಪುಟ್ಟಿ ಫೋನಲ್ಲೇ ದೊಡ್ಡೋಳಾಗ್ತಿದಾಳೆ."

ಮಮತಾ ಅವನ ತಟ್ಟೆಗೆ ಇನ್ನೊಂದು ಮುದ್ದೆ ಬಡಿಸಿದಳು.

ತಿಂಗಳೊಳಗೆ ಅವನ ಮಿಷಿನ್ನು, ಇಸ್ತ್ರಿಪೆಟ್ಟಿಗೆ, ಬಟ್ಟೆಗಂಟು ಎಲ್ಲ ಗೂಡ್ಸ್ ಆಟೋದಲ್ಲಿ ಬಂದವು. ಕಚೇರಿಗೂ ಅವನೇ ಜೊತೆಗೆ ಹೋದ. ಟಿಕೆಟ್ಟನ್ನು ಮೇಜಿನ ಮೇಲಿಟ್ಟು, "ಇದು ನಂದು ಸಾರ್. ನಾನು ಇವರ ಫ್ಯಾಮಿಲಿ" ಎಂದ. ಹೇಳುವಾಗ ಕಿವಿ ಕೆಂಪಾದರೂ ದನಿ ತಗ್ಗಲಿಲ್ಲ. ಸಾಬೀರ್ ತಲೆಯೆತ್ತದೆ 'ಪತಿ' ಎಂದು ಬರೆದುಕೊಂಡ. ಅವನ ಪಾಲಿಗೆ ಅದು ದಿನದ ಕೆಲಸ.

ಬಿಲ್ಲು ಇನ್ನೂ ಪಾಸಾಗಿಲ್ಲ, ಆಗುತ್ತದೆ. ಮೊನ್ನೆ ದೀಪ ಹಚ್ಚುವ ಹೊತ್ತಿಗೆ ಬೈರಾಪಟ್ಟಣದಿಂದ ಕರಿಯಪ್ಪ ಎಂಬ ರೈತ ಫೋನು ಮಾಡಿದ: "ಮೇಡಮ್ಮಾ, ಹಸ ಈಯಕ್ಕೆ ಒದ್ದಾಡ್ತಾ ಐತೆ, ಒಸಿ ಬನ್ನಿ." ಮೊದಲಾಗಿದ್ದರೆ ಮಮತಾ ಪುಟ್ಟಿಯನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಬೇಕಿತ್ತು. ಈಗ ಬ್ಯಾಗು ತಗುಲಿಸಿಕೊಂಡು ಒಬ್ಬಳೇ ಹೊರಟಳು.

"ಸಾರು ನಾನು ಇಡ್ತೀನಿ, ನಿಧಾನಕ್ಕೆ ಬಾ" ಎಂದ ಯೋಗಾನಂದ, ಸೂಜಿಗೆ ದಾರ ಪೋಣಿಸುತ್ತಾ.