ಇಪ್ಪತ್ತಮೂರು ‘ನಾನು’

‘ಡಿಸ್ಕ್ ಅಳಿಸಿ, ಅಳವಡಿಸಿ’ ಎಂಬುದನ್ನು ಒತ್ತಿಯಾಗಿತ್ತು. ಖಚಿತವೇ ಎಂದು ಪರದೆ ಮತ್ತೊಮ್ಮೆ ಕೇಳಿತು. ಪ್ರೇಮನಾಥನನ್ನು ಇತ್ತೀಚೆಗೆ ಯಾರೂ ಇಷ್ಟು ನೇರವಾಗಿ ಏನನ್ನೂ ಕೇಳಿರಲಿಲ್ಲ. ಹೌದು ಎಂದು ಒತ್ತಿದ.

ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ಬೆಳೆಯತೊಡಗಿತು. ಹನ್ನೊಂದು ವರ್ಷದ ಹಳೆಯ ಲ್ಯಾಪ್‌ಟಾಪ್. ಅದರೊಳಗಿದ್ದದ್ದೆಲ್ಲ ಈ ಕ್ಷಣದಲ್ಲಿ ಇಲ್ಲವಾಗುತ್ತಿದೆ ಎಂದು ಗೊತ್ತಿದ್ದೂ ಹೆದರಿಕೆಯಾಗಲಿಲ್ಲ. ಬೇಕಾದ್ದನ್ನು ನಿನ್ನೆಯೇ ಒಂದು ಪೆನ್‌ಡ್ರೈವಿಗೆ ತುಂಬಿಕೊಂಡಿದ್ದ. ಬೇಕಾದ್ದು ಎಂದರೆ ‘ಹೋರಾಟ’ ಎಂಬ ಹೆಸರಿನ ಒಂದು ಫೋಲ್ಡರ್. ಇಪ್ಪತ್ತೈದು ವರ್ಷಗಳ ಕರಪತ್ರಗಳು, ಮನವಿಗಳು, ಖಂಡನಾ ಹೇಳಿಕೆಗಳು. ಅಷ್ಟೂ ಸೇರಿ ಒಂದು ಹಾಡಿನಷ್ಟು ಜಾಗವನ್ನೂ ಹಿಡಿದಿರಲಿಲ್ಲ.

ಹೆಂಡತಿ ಹರಿಣಾಕ್ಷಿ ಸೊಸೈಟಿಯ ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಳು.

“ಮುಗೀತಾ ನಿಮ್ಮ ಕ್ರಾಂತಿ?”

“ಆಗ್ತಾ ಉಂಟು. ನಲವತ್ತೆರಡು ಪರ್ಸೆಂಟ್.”

“ಆ ಅರಂತೋಡಿನ ಹುಡುಗಿ ಬರುದು ಎಷ್ಟೊತ್ತಿಗೆ?”

“ಹನ್ನೆರಡಕ್ಕೆ.”

“ಅದರ ಕಾಗದ ನಿನ್ನೆಯೇ ಪ್ರಿಂಟ್ ತೆಗ್ದು ಇಡ್ಲಿಕ್ಕೆ ಎಂತ ಆಗಿತ್ತು?”

“ಫೈಲ್ ಉಂಟಲ್ಲ ಮಾರಾಯ್ತಿ. ಅದಕ್ಕೆ ಎಂತ ಕಾಲು ಬರ್ತದಾ?”

ಅವಳು ಬಸ್ಸು ನೆನಪಾಗಿ ಮೆಟ್ಟಿಲಿಳಿದಳು. ದರ್ಬೆಯ ಆ ಮಹಡಿ ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಪ್ರೇಮನಾಥನಿಗೆ ಸುಖವೆನಿಸಿತು.

ಲಿನಕ್ಸ್ ಹಾಕಿಕೊಳ್ಳಿ ಎಂದವನು ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಫ್ರೀದ್. ಹಳೆಯ ವಿಂಡೋಸಿನ ಅವಧಿ ಮುಗಿದಿದೆ, ಹೊಸದು ಈ ಯಂತ್ರಕ್ಕೆ ಹಿಡಿಯುವುದಿಲ್ಲ, ಯಂತ್ರವನ್ನೇ ಬಿಸಾಡಬೇಕು, ಇಲ್ಲವೇ ಇದು ಎಂದಿದ್ದ. ಪ್ರೇಮನಾಥ ಆ ಕ್ಷಣವೇ ಒಲಿದಿದ್ದ. ಯಾವ ಕಂಪೆನಿಯ ಹಂಗೂ ಇಲ್ಲದ, ಲೋಕದ ಜನರೆಲ್ಲ ಸೇರಿ ಕಟ್ಟಿದ ವ್ಯವಸ್ಥೆ! ಓದುಗರ ಬಳಗದ ತಿಂಗಳ ಸಭೆಯಲ್ಲಿ ಅದರ ಬಗ್ಗೆ ನಲವತ್ತು ನಿಮಿಷ ಮಾತಾಡಿದ್ದ. ಚಪ್ಪಾಳೆಯೂ ಬಿತ್ತು. ಆಗ ಅವನು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಪಟ್ಟಿ ತುಂಬಿತು. ಯಂತ್ರ ಆರಿ, ಹತ್ತಿ, ಹಸಿರು ಬೆಟ್ಟವೊಂದನ್ನು ತೋರಿಸಿತು. ವೈಫೈ ಮಾತ್ರ ಎಲ್ಲಿಯೂ ಇರಲಿಲ್ಲ.

“ಸರ್, ಟೆನ್ಶನ್ ಮಾಡ್ಬೇಡಿ,” ಎಂದ ಅಫ್ರೀದ್ ಫೋನಿನಲ್ಲಿ. “ನಿಮ್ಮ ಮೊಬೈಲನ್ನು ವಯರಲ್ಲಿ ಸಿಕ್ಕಿಸಿ, ಅದರದ್ದೇ ನೆಟ್ ಕೊಡಿ. ಮತ್ತೆ ನಾನು ವಾಟ್ಸಾಪಲ್ಲಿ ಒಂದು ಲೈನು ಕಳಿಸ್ತೇನೆ. ಕಮಾಂಡ್ ಕೊಡುವ ಕಪ್ಪು ಕಿಟಕಿ ಉಂಟಲ್ಲ, ಅದರಲ್ಲಿ ಇದ್ದದ್ದು ಇದ್ದ ಹಾಗೆ ಹೊಡೀರಿ. ನಿಮ್ಮದು ಎಂತದೂ ಸೇರಿಸ್ಲಿಕ್ಕೆ ಹೋಗ್ಬೇಡಿ ಆಯ್ತಾ.”

“ನಾನ್ಯಾಕೆ ಸೇರಿಸ್ಲಿ?”

“ನೀವು ಸಾಹಿತಿ ಅಲ್ವಾ ಸರ್, ಅದಕ್ಕೆ ಹೇಳಿದ್ದು.”

ಸೇರಿಸಲಿಲ್ಲ. ಒಂದು ಚುಕ್ಕೆ ತಪ್ಪಿದಾಗ ಅದು ತಪ್ಪೆಂದಿತು. ಎಲ್ಲಿ ತಪ್ಪೆಂದೂ ಹೇಳಿತು. ತಿದ್ದಿದ. ಕಪ್ಪು ಕಿಟಕಿಯಲ್ಲಿ ಬಿಳಿ ಸಾಲುಗಳು ಓಡಿದವು. ಮೂಲೆಯಲ್ಲಿ ವೈಫೈಯ ಬೀಸಣಿಗೆ ಬಿಚ್ಚಿಕೊಂಡಿತು.

ಎದ್ದು ಚಹಾ ಮಾಡಿಕೊಂಡ. ಎರಡು ವರ್ಷಗಳಿಂದ ಅವನು ಒಂದು ಸಾಲನ್ನೂ ಬರೆದಿರಲಿಲ್ಲ. ಯಾಕೆಂದು ಕೇಳಿದವರಿಗೆ ‘ಕಾಲ ಹಾಗುಂಟು’ ಎನ್ನುತ್ತಿದ್ದ, ಕೇಳಿದವರು ತಲೆಯಾಡಿಸುತ್ತಿದ್ದರು. ಈ ಬೆಳಿಗ್ಗೆ ಆ ಭಾರವಿರಲಿಲ್ಲ. ಕೆಟ್ಟದ್ದಕ್ಕೊಂದು ಕಾರಣ, ಕಾರಣಕ್ಕೊಂದು ಸಾಲು, ಸಾಲು ಹೊಡೆದರೆ ಸರಿ. ಅನ್ಯಾಯಕ್ಕೆ ಇಂಥ ಕಪ್ಪು ಕಿಟಕಿಯೊಂದಿದ್ದಿದ್ದರೆ ಬಳಗವೇ ಬೇಕಿರಲಿಲ್ಲ. ಪರದೆಯ ಬೆಳಕು ಇಳಿಸಿದ. ಗಡಿಯಾರ ಸರಿಪಡಿಸಿದ. ಕನ್ನಡದ ಕೀಲಿಮಣೆ ಸೇರಿಸಿ ತನ್ನ ಹೆಸರು ಹೊಡೆದು ನೋಡಿದ; ಬಂತು. ಅಳಿಸಿದ.

ಹನ್ನೊಂದೂವರೆಗೆ ‘ಹೋರಾಟ’ ಫೋಲ್ಡರ್ ತೆರೆದ. ಅರಂತೋಡಿನ ಹುಡುಗಿ ಮೋಕ್ಷಿತಾಳಿಗೆ ಬೇಕಾದ್ದು ಹದಿನಾರು ವರ್ಷದ ಹಿಂದಿನ ಫೈಲು. ಅರಂತೋಡಿನಿಂದ ಒಳಗೆ, ಹೊಳೆಯಾಚೆಯ ಇಪ್ಪತ್ತಮೂರು ಮನೆಗಳಿಗೆ ದೊಡ್ಡ ತೋಟವೊಂದರ ನಡುವಿನಿಂದ ಕಾಲುದಾರಿಯಿತ್ತು. ತೋಟದವರು ಬೇಲಿ ಹಾಕಲು ಹೊರಟಾಗ ಪ್ರೇಮನಾಥ ಅಲ್ಲಿಗೆ ಹೋಗಿ ಮನೆಗೊಬ್ಬರ ಹೇಳಿಕೆ ಬರೆದು ತಾಲೂಕು ಆಫೀಸಿಗೆ ಕೊಟ್ಟಿದ್ದ. ಬೇಲಿಯ ಕೆಲಸ ಆಗ ನಿಂತುಹೋಗಿತ್ತು. ಈಗ ತೋಟಕ್ಕೆ ಹೊಸ ಯಜಮಾನ. ಬೇಲಿಯಲ್ಲ, ಕಬ್ಬಿಣದ ಗೇಟು. ಅಲ್ಲಿ ದಾರಿಯೇ ಇರಲಿಲ್ಲ ಎಂಬುದು ಅವನ ವಾದ. ಆಫೀಸಿನ ಹಳೆಯ ಕಡತ ಸಿಗುತ್ತಿಲ್ಲವಂತೆ. ನಾಳೆ ವಿಚಾರಣೆ. ಮೊದಲು ಹೇಳಿಕೆ ಕೊಟ್ಟ ದುಗ್ಗಮ್ಮನ ಮೊಮ್ಮಗಳು ಮೋಕ್ಷಿತಾ. ದುಗ್ಗಮ್ಮ ತೀರಿಕೊಂಡು ಆರು ವರ್ಷ; ಉಳಿದ ಮುದುಕರೂ ಹೆಚ್ಚಿನವರು ಇಲ್ಲ.

ಫೈಲು ತೆರೆಯಿತು. ಅದರಲ್ಲಿ ಕನ್ನಡವಿರಲಿಲ್ಲ.

£Á£ÀÄ F ªÀÄtÂÚ£À ªÀÄUÀ¼ÀÄ, ಎಂದಿತ್ತು ಪರದೆ.

ಇನ್ನೊಂದು ಫೈಲು ತೆರೆದ, ಅದೂ ಹಾಗೆಯೇ. ಇಪ್ಪತ್ತೈದು ವರ್ಷಗಳು ಹಾಗೆಯೇ.

“‘ನುಡಿ’ ಸಾಫ್ಟ್‌ವೇರಲ್ಲಿ ಹೊಡೆದದ್ದಾ ಸರ್? ಹಳೇ ಫಾಂಟಿನದ್ದು?” ಅಫ್ರೀದ್ ಫೋನಿನಲ್ಲಿ ನಕ್ಕ. “ಹಾಗಾದ್ರೆ ಅದರೊಳಗೆ ಮೊದಲೂ ಕನ್ನಡ ಇರ್ಲಿಲ್ಲ. ಒಳಗಿರುದು ಇದೇ ಪೌಂಡು ಗಿಂಡು. ಮೇಲಿಂದ ಫಾಂಟು ಕನ್ನಡದ ಮುಖ ತೋರಿಸ್ತಿತ್ತು ಅಷ್ಟೆ. ಈಗ ಆ ಫಾಂಟ್ ನಿಮ್ಮಲ್ಲಿಲ್ಲ.”

“ಹೋಯ್ತಾ ಎಲ್ಲ?”

“ಎಲ್ಲಿಗೆ ಹೋಗುದು? ಫಾಂಟ್ ನನ್ನ ಹತ್ರ ಉಂಟು. ಗಿರಾಕಿ ಇದ್ದಾರೆ, ಹತ್ತು ನಿಮಿಷ ಕೊಡಿ.”

ಆ ಹತ್ತು ನಿಮಿಷ ಮಾಡಲು ಬೇರೆ ಕೆಲಸವಿರಲಿಲ್ಲ. ಓದಲಾಗದ್ದನ್ನು ನೋಡುತ್ತ ಕುಳಿತ. ಓದಲು ಬಾರದವನ ಹಾಗೆ ತನ್ನ ಬರಹವನ್ನು ನೋಡುವುದು ಇದೇ ಮೊದಲು. ಅರ್ಥ ಹೋದ ಮೇಲೆ ಆಕಾರ ಕಾಣತೊಡಗಿತು. £Á£ÀÄ F ªÀÄtÂÚ£À. ಕೆಳಗೆ ಸರಿಸಿದ. ಮುಂದಿನ ಪುಟದಲ್ಲೂ ಅದೇ ಪೌಂಡಿನ ಗುರುತು, ಅದೇ ಉದ್ದ, ಅದೇ ಜಾಗದಲ್ಲಿ ಅಲ್ಪವಿರಾಮ. ಮೂರನೆಯದೂ. ತಲೆಬರಹದ ಒಂದು ಸಾಲು ಬಿಟ್ಟರೆ ಇಪ್ಪತ್ತಮೂರು ಪುಟಗಳೂ ಒಂದೇ ಅಚ್ಚಿನ ಇಟ್ಟಿಗೆಗಳಂತಿದ್ದವು.

ಬೇಗ ಬೇಗ ಸರಿಸಿದರೆ ಪುಟ ಬದಲಾದದ್ದೇ ತಿಳಿಯುತ್ತಿರಲಿಲ್ಲ. ಅವನು ಎರಡು ಮೂರು ಬಾರಿ ಹಾಗೆ ಸರಿಸಿ ನೋಡಿದ. ಅದರಲ್ಲೊಂದು ನೆಮ್ಮದಿಯೂ ಇತ್ತು.

ಮೋಕ್ಷಿತಾ ಹನ್ನೆರಡಕ್ಕೆ ಮೊದಲೇ ಬಂದಳು. ಸುಳ್ಯದ ಮೆಡಿಕಲ್ ಒಂದರಲ್ಲಿ ಕೆಲಸ. ಅರ್ಧ ದಿನ ರಜೆ ಹಾಕಿದ್ದಳು. ನೀರು ಕುಡಿದು, ಪರದೆ ನೋಡಿದಳು.

“ಇದೆಂತ ಸರ್, ಡಾಕ್ಟ್ರ ಚೀಟಿಯಾ?”

“ಫಾಂಟ್ ಬರ್ತಾ ಉಂಟು. ಸಣ್ಣ ತೊಂದರೆ. ಇದು ಲಿನಕ್ಸ್. ಯಾರ ಸೊತ್ತೂ ಅಲ್ಲ, ಜನರದ್ದೇ ...”

“ಬಸ್ಸು ಮೂರೂವರೆಗೆ ಸರ್.”

ಫೋನು ಟಿಣ್ ಎಂದಿತು. ಫಾಂಟನ್ನು ಇಳಿಸಿಕೊಂಡು ಒತ್ತಿದ. ಅಫ್ರೀದ್ ಹೇಳಿದಂತೆ ಫೈಲು ಮುಚ್ಚಿ ತೆರೆದ. ಇಟ್ಟಿಗೆಗಳೆಲ್ಲ ಒಮ್ಮೆಲೇ ಕನ್ನಡವಾದವು. ಅವನಿಗೆ ಕುರ್ಚಿಯಿಂದ ಏಳುವಷ್ಟು ಸಂತೋಷವಾಯಿತು.

“ನೋಡು! ಬಂತು!”

ಮೋಕ್ಷಿತಾ ಹತ್ತಿರ ಬಾಗಿ ಗಟ್ಟಿಯಾಗಿ ಓದಿದಳು. “‘ನಾನು ಈ ಮಣ್ಣಿನ ಮಗಳು, ನನ್ನ ಪಾದಗಳ ರಕ್ತ ಬರೆದ ಈ ದಾರಿಯನ್ನು ಯಾವ ಬೇಲಿಯೂ ಅಳಿಸಲಾರದು.’”

ಬಳಗ ಎದ್ದು ನಿಂತು ಚಪ್ಪಾಳೆ ತಟ್ಟಿದ ಸಾಲು ಅದು. ಮುಂದೆ ಎರಡು ಕರಪತ್ರಗಳ ಮುಖಪುಟಕ್ಕೂ ಹೋಗಿತ್ತು.

“ಇದು ಅಜ್ಜಿ ಹೇಳಿದ್ದಾ ಸರ್?”

“ಅವರ ಭಾವನೆ.”

“ಅಜ್ಜಿಗೆ ಅರೆಭಾಷೆ ಬಿಟ್ಟರೆ ಬೇರೆ ಬರ್ತಿರ್ಲಿಲ್ಲ. ನಿಮಗೆ ಬರ್ತದಾ ಅರೆಭಾಷೆ?”

“ಅರ್ಥ ಆಗ್ತದೆ,” ಎಂದ. ಅವನ ಮನೆಮಾತು ತುಳು. ಅರೆಭಾಷೆ ಅರ್ಧ ಅರ್ಥವಾಗುತ್ತಿತ್ತು.

ಅವಳು ಮೌಸಿನ ಮೇಲೆ ತಾನೇ ಕೈಯಿಟ್ಟು ಪುಟ ಸರಿಸಿದಳು. ಮತ್ತೆ ಸರಿಸಿದಳು. ನಿಂತಳು.

“ಸರ್, ನಮ್ಮ ವೆಂಕಪ್ಪಜ್ಜ ಯಾವಾಗ ಮಣ್ಣಿನ ಮಗಳಾದ್ದು?”

ಪ್ರೇಮನಾಥ ನೋಡಿದ. ವೆಂಕಪ್ಪ, ವಯಸ್ಸು ಎಪ್ಪತ್ತೊಂದು, ಮಣ್ಣಿನ ಮಗಳಾಗಿದ್ದ. ಅವನ ಮಗನೂ.

“ಕಾಪಿ ಮಾಡುವಾಗ ... ಅದನ್ನು ಈಗಲೇ ತಿದ್ದಬಹುದು.”

“ಮಗಳನ್ನು ಮಗ ಮಾಡ್ಬಹುದು. ಉಳಿದದ್ದು?” ಅವಳ ದನಿ ಏರಲಿಲ್ಲ. “ಇಪ್ಪತ್ತಮೂರು ಜನ ಒಂದೇ ಬಾಯಲ್ಲಿ ಮಾತಾಡಿದ್ದಾ ಅಂತ ಕೇಳಿದ್ರೆ ನಾಳೆ ಎಂತ ಹೇಳುದು? ಇದನ್ನು ಕೊಟ್ಟರೆ ನಾವೇ ಸುಳ್ಳು ಅಂತ ಆಗ್ತದೆ ಸರ್. ದಾರಿ ಎಲ್ಲಿಂದ ಎಲ್ಲಿಗೆ ಅಂತ ಒಂದು ಕಡೆಯೂ ಇಲ್ವಲ್ಲ ಇದರಲ್ಲಿ. ಯಾವ ಪಾರೆಕಲ್ಲಿನ ಬದಿಯಿಂದ, ನೀರಿನ ತೋಡು ಎಲ್ಲಿ ದಾಟುದು, ಎಂತದೂ ಇಲ್ಲ. ಅಜ್ಜಿ ನಿಮಗೆ ಪೂರಾ ಹೇಳಿದ್ದೇನೆ ಅಂತಿದ್ರು.”

ಹೇಳಿದ್ದರು. ಮುದುಕಿ ಬೆರಳು ಮಡಚಿ ಮಡಚಿ, ಈ ಮರ, ಆ ಕಲ್ಲು ಎಂದು ಉದ್ದಕ್ಕೆ ಹೇಳುತ್ತಿದ್ದದ್ದು ಅವನಿಗೆ ಮಸುಕಾಗಿ ನೆನಪಿತ್ತು. ಅವನು ಬರೆದುಕೊಂಡೂ ಇದ್ದ. ಟೈಪು ಮಾಡುವಾಗ ಅದೆಲ್ಲ ಮಂದವೆನಿಸಿತ್ತು. ಓಘ ಕೆಡಿಸುತ್ತಿತ್ತು. ಟೈಪಾದ ಮೇಲೆ ಹಾಳೆಗಳನ್ನು ಇಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

“ನೀವು ಅಜ್ಜಿಯೊಟ್ಟಿಗೆ ಆ ದಾರಿಯಲ್ಲಿ ನಡೆದಿದ್ದೀರಲ್ಲ ಸರ್?”

“ನಡೆದಿದ್ದೇನೆ. ಹೊಳೆಯಿಂದ ಮೇಲೆವರೆಗೆ. ಒಂದು ಗಂಟೆ ಆಗಿರ್ಬಹುದು.”

“ಹಾಗಾದ್ರೆ ನೀವೇ ಬರೀರಿ. ಕಂಡದ್ದು ಮಾತ್ರ. ಊರಿನವರು ಹೇಳಿದ್ರೆ ಲಾಭಕ್ಕೆ ಹೇಳ್ತಾರೆ ಅಂತಾರೆ. ನೀವು ಹೊರಗಿನವರು. ಈಗ ಆ ದಾರಿಯಲ್ಲಿ ಗೇಟು ಬರುವ ಮೊದಲು ನಡೆದ ಹೊರಗಿನವರು ಅಂತ ಇರುದು ನೀವೊಬ್ಬರೇ.” ಅವಳು ಬ್ಯಾಗು ತೆಗೆದುಕೊಂಡಳು. “ನಾನು ಆಧಾರ್ ಜೆರಾಕ್ಸ್ ಎಲ್ಲ ಮಾಡಿಸಿಕೊಂಡು ಮೂರು ಗಂಟೆಗೆ ಬರ್ತೇನೆ. ಒಂದು ಪುಟ ಸಾಕು. ಚಂದ ಬೇಡ ಸರ್.”

ಮೆಟ್ಟಿಲಿಳಿಯುವಾಗ ಅವಳು ತಿರುಗಿ, “ಊಟ ಮಾಡಿ ಬರೀರಿ,” ಎಂದಳು. ಅವಳಿಗೆ ಸಿಟ್ಟಿರಲಿಲ್ಲ. ನಂಬಿಕೆಯಿತ್ತು. ಅದು ಸಿಟ್ಟಿಗಿಂತ ಕಷ್ಟದ್ದಾಗಿತ್ತು.

ಊಟ ಮಾಡಿದ. ಸಾರು ಚೆನ್ನಾಗಿತ್ತು. ಹೊಸದೊಂದು ಖಾಲಿ ಪುಟ ತೆರೆದು ಕುಳಿತ.

ನಡೆದದ್ದು ನಿಜ. ಕಣ್ಣು ಮುಚ್ಚಿದ. ಎದುರಿಗೆ ದುಗ್ಗಮ್ಮನ ಬೆನ್ನು. ಆಮೇಲೆ? ಮರಗಳಿದ್ದವು. ಎಂಥ ಮರಗಳು? ಹಸಿರಿತ್ತು. ಎಡಕ್ಕೆ ತಿರುಗಿದರೋ, ಬಲಕ್ಕೋ? ಮುದುಕಿ ಒಂದು ಕಡೆ ನಿಂತು ಕೋಲಿನಿಂದ ಏನನ್ನೋ ತೋರಿಸಿದ್ದಳು. ಕೋಲು ಕಾಣುತ್ತಿತ್ತು, ಅದರ ತುದಿಯಲ್ಲಿ ಏನೂ ಇರಲಿಲ್ಲ. ಆ ಒಂದು ಗಂಟೆಯಲ್ಲಿ ಅವನಿಗೆ ಸ್ಪಷ್ಟವಾಗಿ ನೆನಪಿದ್ದದ್ದು ಒಂದೇ. ನಡೆಯುತ್ತ ನಡೆಯುತ್ತ ‘ಬೇಲಿಯೂ ಅಳಿಸದು’ ಎಂಬುದು ‘ಅಳಿಸಲಾರದು’ ಎಂದು ಬದಲಾದ ಗಳಿಗೆ. ಆಗ ಮೈ ಜುಮ್ಮೆಂದಿತ್ತು. ಅವನು ದಾರಿಯಲ್ಲಿ ನಡೆದಿರಲಿಲ್ಲ, ಸಾಲಿನಲ್ಲಿ ನಡೆದಿದ್ದ.

ಬೇಸರವಾಗಬೇಕಿತ್ತು. ಅದಕ್ಕಾಗಿ ಸ್ವಲ್ಪ ಹೊತ್ತು ಕಾದ. ಕಿಟಕಿಯ ಬಿಸಿಲು ಮೇಜಿನ ಮೇಲೆ ಬೆಚ್ಚಗೆ ಬಿದ್ದಿತ್ತು. ಯಂತ್ರ ಸದ್ದಿಲ್ಲದೆ, ಹೊಸದರಂತೆ ಓಡುತ್ತಿತ್ತು. ಬೆಳಿಗ್ಗೆ ಅದು ತನ್ನ ಕೈಯಲ್ಲೇ ಸರಿಯಾದದ್ದು ನೆನೆದು ಹಿತವೆನಿಸಿತು.

‘ನಾನು’ ಎಂದು ಹೊಡೆದ.

ಅದರಡಿಯಲ್ಲಿ ಕೆಂಪು ಗೆರೆಯೊಂದು ಮೂಡಿತು. ಹಾವಿನಂತೆ ಸಣ್ಣಗೆ ಬಳುಕುವ ಗೆರೆ. ಈ ಪುಟಕ್ಕೆ ಇಂಗ್ಲಿಷ್ ನಿಘಂಟು ಮಾತ್ರ ಗೊತ್ತಿತ್ತು. ಉಳಿದದ್ದೆಲ್ಲ ಅದಕ್ಕೆ ತಪ್ಪು. ‘ಹೊಳೆಯಿಂದ’ ಎಂದು ಹೊಡೆದ. ಅದಕ್ಕೂ ಬಂತು. ‘ಮೇಲೆ’. ಅದಕ್ಕೂ.

ಸರಿಪಡಿಸಲು ಅಫ್ರೀದನಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಗೆರೆ ಚೆನ್ನಾಗಿತ್ತು. ಮುಂದಿನ ಮಾತು ಸಿಗದೆ ಅವನ ಬೆರಳು ‘ಅ’ ಇರುವ ಕೀಲಿಯ ಮೇಲೆ ಊರಿತು. ಅಅಅಅ ಎಂದು ಅಕ್ಷರಗಳು ಹೊರಟವು. ಅವುಗಳ ಅಡಿಯಲ್ಲಿ ಕೆಂಪು ಗೆರೆಯೂ ಬಳುಕುತ್ತ ಹೊರಟಿತು, ಹಳೆಯ ನಕ್ಷೆಗಳಲ್ಲಿ ಕಾಲುದಾರಿಯನ್ನು ಗುರುತಿಸುವ ಹಾಗೆ. ಪುಟದ ಅಂಚು ಮುಟ್ಟಿ, ತಡೆಯಿಲ್ಲದೆ ತಿರುಗಿ, ಕೆಳಗಿನ ಸಾಲಿನಲ್ಲಿ ಮುಂದುವರಿಯಿತು. ಎಲ್ಲಿಯೂ ಪಾರೆಯಿಲ್ಲ, ತೋಡಿಲ್ಲ, ಗೇಟಿಲ್ಲ.

ಮೂರು ಗಂಟೆಗೆ ಕೆಳಗೆ ಮೆಟ್ಟಿಲಲ್ಲಿ ಮೋಕ್ಷಿತಾಳ ಚಪ್ಪಲಿಯ ಸದ್ದಾಯಿತು. ಪ್ರೇಮನಾಥ ಬೆರಳು ಎತ್ತಲಿಲ್ಲ. ಪುಟ ತುಂಬಿ ತಾನಾಗಿಯೇ ಎರಡನೆಯ ಪುಟ ತೆರೆದುಕೊಂಡಿತು. ದಾರಿ ಅದರೊಳಕ್ಕೂ ನುಗ್ಗಿ ನಡೆಯುತ್ತಿತ್ತು.