ಗಂಡಸರೇ ಗಂಡಸರನ್ನು ಹೆತ್ತ ಪುಸ್ತಕ

ನಮ್ಮ ಮಾಂಟೆನೆಗ್ರೊದ ಬೆಟ್ಟದೂರುಗಳಲ್ಲಿ ಮಕ್ಕಳೆಷ್ಟು ಎಂದು ಕೇಳಿದರೆ ಗಂಡುಮಕ್ಕಳ ಸಂಖ್ಯೆಯನ್ನಷ್ಟೇ ಹೇಳುತ್ತಾರೆ. ನನ್ನ ಅಪ್ಪ ರಾದೊಸಾವ್‌ಗೆ ಮೂವರು ಅಕ್ಕಂದಿರು. ಆದರೂ ಊರಿನವರ ಬಾಯಲ್ಲಿ ಅವನು ತಾಯಿಗೆ ಒಬ್ಬನೇ. ಅವನಿಗೆ ನಾನೊಬ್ಬಳೇ ಮಗಳು. ಅಂದರೆ ಅವನಿಗೆ ಮಕ್ಕಳಿಲ್ಲ. ಇದು ವ್ಯಂಗ್ಯವಲ್ಲ. ನಮ್ಮ ಕುಲದ ವಂಶಾವಳಿಯ ಕರಡಿನಲ್ಲಿ ಅವನ ಹೆಸರಿನ ಕೆಳಗೆ ಒಂದು ಅಡ್ಡಗೆರೆ ಎಳೆದು ನಿಲ್ಲಿಸಿದ್ದರು. ಎಳೆದವನು ಅಪ್ಪನೇ.

ಹನ್ನೊಂದು ವರ್ಷದಿಂದ ಅವನು ಆ ಪುಸ್ತಕ ಬರೆಯುತ್ತಿದ್ದ. ಹತ್ತು ತಲೆಮಾರು, ನಾನೂರು ಗಂಡಸರು, ಒಬ್ಬ ಹೆಂಗಸೂ ಇಲ್ಲ. ಐದೂ ಕವಲುಗಳು ಒಬ್ಬನೇ ಮೂಲಪುರುಷನಿಂದ ಬಂದಿವೆ ಎಂದು ಡಿಎನ್‌ಎ ಪರೀಕ್ಷೆಯಿಂದ ತೋರಿಸಿಬಿಡಬೇಕೆಂಬ ಹುಮ್ಮಸ್ಸು ಅವನಿಗೆ ಹತ್ತಿತು. ನಾನು ನಿಕ್ಷಿಚ್ ಪಟ್ಟಣದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹತ್ತಿಕಡ್ಡಿಗಳನ್ನು ತರಿಸುವ ಕೆಲಸ ನನಗೇ ಬಿತ್ತು.

ಒಂದು ಭಾನುವಾರ ಅಪ್ಪನೂ ಸೇರಿ ಐದು ಕವಲಿನ ಐದು ಗಂಡಸರು ನಮ್ಮ ಮೇಜಿನ ಸುತ್ತ ಕೂತು ಕೆನ್ನೆಯೊಳಗೆ ಕಡ್ಡಿ ಉಜ್ಜಿಕೊಂಡರು. ಅಜ್ಜಿ ಇಕೋನಿಯಾ, ಅಪ್ಪನ ತಾಯಿ, ತೊಂಬತ್ತರ ಮುದುಕಿ, ಹೊಗೆಯಾಡಿಸಿದ ಮಾಂಸದ ತಟ್ಟೆ ಹಿಡಿದು ನಿಂತೇ ಇದ್ದಳು.

"ನನ್ ಬಾಯಿಗೂ ಒಂದ್ ಕಡ್ಡಿ ಹಾಕ್ರಪ್ಪ," ಅಂದಳು.

"ಹಲ್ಲೇ ಇಲ್ದಿರೋ ಬಾಯಲ್ಲಿ ಏನ್ ಸಿಗತ್ತೆ ಅಜ್ಜೀ? ಕುಡಿಯಕ್ಕೆ ರಾಕಿಯಾ ತಗೊಂಬಾ," ಅಂದ ಒಬ್ಬ. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು.

ಆರು ವಾರಕ್ಕೆ ಫಲಿತಾಂಶ ಬಂತು. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ಗುರುತು ನಾಲ್ವರಲ್ಲಿ ಒಂದೇ ಆಗಿತ್ತು. ಅಪ್ಪನದು ಬೇರೆ.

"ಯಾವ ತಲೆಮಾರಲ್ಲಿ ತಪ್ಪಿದೆ ಅಂತ ಇದೊಂದ್ರಿಂದ ಹೇಳಕ್ಕಾಗಲ್ಲ ಅಪ್ಪಾ," ಅಂದೆ. ಅವನು ಆಗಲೇ ಅಡುಗೆಮನೆಯಲ್ಲಿದ್ದ. ಅಜ್ಜಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

"ನಾನು ಯಾರಿಗೆ ಹುಟ್ದೋನು?"

"ನಿಮ್ಮಪ್ಪನಿಗೆ ಕಣೋ. ಇನ್ಯಾರಿಗೆ? ನಿನ್ ಮುತ್ತಜ್ಜನ ವಿಷ್ಯ ಕೇಳು..."

"ಮುತ್ತಜ್ಜನ್ನ ಯಾಕೆ ಎಳೀತೀಯ? ಬಾಯ್ಮುಚ್ಚು!"

ಅವಳು ಬಾಯಿ ಮುಚ್ಚಿದಳು. ಅಂದಿನಿಂದ ಅವಳು ಮುಟ್ಟಿದ ರೊಟ್ಟಿಯನ್ನು ಅವನು ತಿನ್ನಲಿಲ್ಲ. ಅವಳ ಮಂಚ ಕುರಿಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಯಿತು. ಕಾಫಿಗೆ ಬರುತ್ತಿದ್ದ ನೆರೆಮನೆಯ ಹೆಂಗಸರು ಬೇಲಿಯಾಚೆಯೇ ನಿಂತು ಹೋಗತೊಡಗಿದರು. ಮೂವತ್ತು ವರ್ಷ ಸತ್ತ ಗಂಡನ ಹೆಸರಿಗೆ ಕಪ್ಪುಬಟ್ಟೆ ಉಟ್ಟವಳಿಗೆ ಸಿಕ್ಕ ಮರ್ಯಾದೆ ಇದು.

ನಾನು ಪೊದ್ಗೊರಿಕಾಗೆ ಹೋಗಿ ಅಪ್ಪನ ದೂರದ ದಾಯಾದಿ ಲ್ಯೂಬೊನ ಕೆನ್ನೆಗೂ ಕಡ್ಡಿ ಹಾಕಿಸಿದೆ. ಅಪ್ಪನ ಮುತ್ತಜ್ಜ ಮಿಲಿಚ್‌ನೇ ಅವನಿಗೂ ಮುತ್ತಜ್ಜ. ಇಬ್ಬರ ಗುರುತೂ ಒಂದೇ ಎಂದು ಬಂತು. ಅಂದರೆ ಮಿಲಿಚ್‌ನಿಂದ ಈಚೆಗೆ ಯಾವ ಹೆಂಗಸೂ ಯಾರಿಗೂ ಮೋಸ ಮಾಡಿರಲಿಲ್ಲ. ಬೇರೆಯಾದದ್ದು ಮಿಲಿಚ್‌ನಲ್ಲೋ ಅವನಿಗಿಂತ ಹಿಂದೆಯೋ. ಉಳಿದ ಕವಲುಗಳೊಂದಿಗೆ ತೆಳುವಾದ ರಕ್ತಸಂಬಂಧವೂ ಕಾಣುತ್ತಿತ್ತು. ಅದು ಗಂಡಿನ ಕಡೆಯಿಂದ ಬಂದದ್ದಲ್ಲ, ಅಷ್ಟೆ.

"ಅಜ್ಜಿ, ಮಿಲಿಚ್ ಯಾರ ಮಗ?"

"ಜಾನಾ ಮಗ," ಅಂದಳು, ತಡವರಿಸದೆ. "ನಮ್ಮ ಕವಲಿನ ಮುದುಕ ಪುನಿಷನ ಗಂಡುಮಕ್ಳೆಲ್ಲ ತುರ್ಕರ ಮೇಲಿನ ಯುದ್ಧದಲ್ಲಿ ಹೋದ್ರು. ಉಳಿದೋಳು ಮಗಳು ಜಾನಾ. ಮನೆಅಳಿಯನ್ನ ತಂದ್ಕೊಂಡು ಒಲೆ ಆರದ ಹಾಗೆ ನೋಡ್ಕೊಂಡ್ಳು. ಆಮೇಲೆ ನಾಚ್ಕೆ ಅಂತ ಅವಳ ಮಗನ್ನ ಪುನಿಷನ ಮಗ ಅಂತ ಬರೆಸಿದ್ರು. ನಮ್ಮತ್ತೆ, ಯಾರೇ ಸತ್ರೂ, ಸಮಾಧಿ ಹತ್ರ ಹಾಡ್ಕೊಂಡು ಅಳೋವಾಗ ಪ್ರತಿ ಸಲ ಜಾನಾ ಹೆಸ್ರು ಹೇಳೋರು. ಗಂಡಸ್ರು ಅಷ್ಟೊತ್ತಿಗೆ ಕುಡಿಯಕ್ಕೆ ಹೋಗಿರೋರು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಕ್ ಹೋದೆ, ನೀನೇ ಇದ್ಯಲ್ಲ. ಮತ್ತೆ ಹೋಗಿ ಹೆತ್ತ ಮಗನ ಮುಂದೆ ಸಾಕ್ಷಿ ಕೊಡ್ಲಾ?"

ಜಾನಾಳ ವಿಷಯ ಹೇಳಿ ನಾನು ಮುಂದಿಟ್ಟ ಕಾಗದಗಳನ್ನು ಅಪ್ಪ ಎರಡು ಸಲ ಓದಿದ. ನೇರ ಕೊಟ್ಟಿಗೆಯ ಕೋಣೆಗೆ ಹೋಗಿ ಅವಳ ಕೈಗೆ ಮುತ್ತಿಟ್ಟ. "ನಿನ್ದೇನೂ ತಪ್ಪಿಲ್ಲ ಅಮ್ಮಾ. ಮನೆಗೆ ಬಾ."

"ಬರ್ತೀನಿ. ಪುಸ್ತಕದಲ್ಲಿ ಜಾನಾ ಹೆಸ್ರು ಹಾಕ್ತೀಯಾ?"

ಅಪ್ಪ ಎದ್ದು ನಿಂತ. "ಹೆಂಗಸಿನ ಕಡೆಯಿಂದ ಬಂದೋರು, ಮನೆಅಳಿಯನ ಸಂತಾನ ಅಂತ ನಾನೇ ಅಚ್ಚು ಹಾಕಿಸ್ಲಾ? ಜನ ಮುಖಕ್ಕೆ ನಗ್ತಾರೆ. ಸುಮ್ನಿರಮ್ಮ. ಹಳೇದನ್ನ ಹಾಗೇ ಬಿಡೋಣ."

"ನಿಮ್ಮಮ್ಮ ಹಾದರ ಮಾಡಿದ್ಳು ಅಂತ ನಂಬಕ್ಕೆ ನಿಂಗೆ ಒಂದು ಗಳಿಗೆ ಸಾಕಾಯ್ತು ರಾದೊ. ಒಬ್ಳು ಹೆಣ್ಣು ನಿನ್ ಮನೆ ಉಳಿಸಿದ್ಳು ಅಂತ ಕಾಗದ ಕೈಯಲ್ಲೇ ಇದೆ, ಅದು ಮಾತ್ರ ಗಂಟಲಲ್ಲಿ ಇಳೀತಿಲ್ಲ."

ಅವಳು ತಲೆವಸ್ತ್ರ ಕಟ್ಟಿಕೊಂಡಳು. ಮನೆಯೊಳಕ್ಕೆ ಕಾಲಿಡದೆ ನನ್ನ ಕಾರು ಹತ್ತಿದಳು. ಪಟ್ಟಣದಲ್ಲಿರುವ ಹಿರಿಯ ಮಗಳು, ನನ್ನ ಅತ್ತೆ ಮಿಲೊಸಾವಾ, ಬಾಗಿಲು ತೆರೆದಳು. ಆ ಅತ್ತೆಯೂ ಪುಸ್ತಕದ ಪ್ರಕಾರ ಹುಟ್ಟಿಲ್ಲ.

ಶರತ್ಕಾಲದಲ್ಲಿ ಪುಸ್ತಕ ಅಚ್ಚಾಯಿತು. ಮಿಲಿಚ್ ಪುನಿಷನ ಮಗನಾಗಿಯೇ ಇದ್ದ. ಪರೀಕ್ಷೆಯ ಪುಟದಲ್ಲಿ ನಾಲ್ಕು ಕವಲುಗಳಿದ್ದವು, ಐದನೆಯದನ್ನು ಕೈಬಿಟ್ಟಿದ್ದರು. ಹೆಣ್ಣಿನ ಹೆಸರು ಬರೆಯುವುದಕ್ಕಿಂತ ವಿಜ್ಞಾನವನ್ನೇ ಹರಿದು ಎಸೆಯುವುದು ನಮ್ಮ ಗಂಡಸರಿಗೆ ಸುಲಭ. ಓದುಗರೇ, ನಿಮ್ಮ ಮನೆಯ ಗೋಡೆಯ ಮೇಲೂ ಇಂಥ ವಂಶವೃಕ್ಷವೊಂದು ತೂಗುತ್ತಿದ್ದರೆ, ಅದರಲ್ಲಿ ನಿಮ್ಮ ತಾಯಿಯನ್ನು ಹುಡುಕಿ ನೋಡಿ.

ಡಿಸೆಂಬರಿನಲ್ಲಿ ಮನೆತನ ಕಾಯುವ ಸಂತನ ಹಬ್ಬ ಬಂತು. ಪ್ರತಿ ವರ್ಷ ಅತಿಥಿಗಳಿಗೆ ಬಾಗಿಲಲ್ಲಿ ನಿಂತು ಸ್ವಾಗತ ಹೇಳುವವಳು ಅಜ್ಜಿ. ಮಧ್ಯಾಹ್ನ ಅತ್ತೆಯ ಮನೆಗೆ ಅಪ್ಪನ ಫೋನ್ ಬಂತು. ಹಿಂದೆ ಗದ್ದಲ, ಗ್ಲಾಸುಗಳ ಸದ್ದು.

"ಅಮ್ಮಾ, ಅರವತ್ತು ಜನ ಬಂದಿದಾರೆ. ಎಲ್ರೂ ಕೇಳ್ತಿದಾರೆ, ನಿಮ್ಮಮ್ಮ ಎಲ್ಲಿ ಅಂತ. ಏನ್ ಹೇಳ್ಲಿ?"

"ಪುಸ್ತಕ ಕೊಡು ಅವ್ರ ಕೈಗೆ," ಅಂದಳು ಅಜ್ಜಿ. "ಹುಡುಕ್ಲಿ."