ಬಾನೆಟ್ಟಿನ ಒಳಗಿನ ಹೆಬ್ಬೆಟ್ಟು

ಆ ಗುರುವಾರ ಬೆನಕಪ್ಪ ಕಾಲು ಸುಟ್ಟ ಬೆಕ್ಕಿನ ಹಾಗೆ ಮೆಕ್ಯಾನಿಕ್ ಬಡೇಸಾಬರ ಶೆಡ್ಡಿನ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಬೀಡಿ ಹಚ್ಚಿ ಎರಡು ದಮ್ಮಿಗೆ ಬಿಸಾಡುವುದು, ಬಸ್ ಸ್ಟ್ಯಾಂಡಿನ ಕಡೆ ಕತ್ತು ಚಾಚುವುದು, ಇಷ್ಟೇ ಕೆಲಸ. ಸೊರಬದ ಧರ್ಮಪ್ಪ ಸಂಜೆ ಬಸ್ಸಿಗೆ ಬರುವವನಿದ್ದ. ಭಾನುವಾರ ಅವನ ಮಗಳ ಮದುವೆ. ಮೆರವಣಿಗೆಗೆ ಬೆನಕಪ್ಪನ ಕಾರೇ ಬೇಕು, ಆದರೆ ಬಡೇಸಾಬರ ಹೆಬ್ಬೆಟ್ಟು ಬಿದ್ದದ್ದನ್ನು ಕಣ್ಣಾರೆ ನೋಡಿದ ಮೇಲೇ ಮಾತು ಅಂದಿದ್ದ.

ಕಾರು ಅಂದರೆ ಅಂಥಿಂಥ ಕಾರಲ್ಲ. ಚಿಕ್ಕಮಗಳೂರಿನ ಕಡೆಯ ಯಾವನೋ ಕಾಫಿ ತೋಟದ ಸಾಹುಕಾರ ಅದನ್ನು ಮದ್ರಾಸಿನಲ್ಲಿ ರೇಸಿಗೆ ಓಡಿಸುತ್ತಿದ್ದನಂತೆ. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ತಲೆ ಮೇಲೆ ಸೂರಿಲ್ಲ. ಮೂರು ಕೈ ದಾಟಿ ಬಡೇಸಾಬರ ಶೆಡ್ಡಿಗೆ ಬಂದು, ಅಲ್ಲಿಂದ ಲಾರಿ ಡ್ರೈವರ್ ಬೆನಕಪ್ಪನ ಕೈ ಸೇರಿದಾಗ ಶಿಕಾರಿಪುರವೆಲ್ಲ ನಕ್ಕಿತು. ಪೆಟ್ರೋಲಿನ ರೇಟು ಗಗನಕ್ಕೇರಿದ ವರ್ಷ ಅದು. ಈ ಬೋಳು ಕಾರಲ್ಲಿ ಏನು ಭತ್ತ ಹೇರ್ತೀಯಾ ಅಂದರು. ಅವನು ಹೇರಿದ್ದು ಮದುಮಕ್ಕಳನ್ನು. ಸೀಟಿನ ಹಿಂದೆ ಜಮಖಾನ ಹಾಸಿ ಗಂಡುಹೆಣ್ಣನ್ನು ಎತ್ತರಕ್ಕೆ ಕೂರಿಸಿದರೆ ಬೀದಿಗೆ ಬೀದಿಯೇ ಬಾಗಿಲಿಗೆ ಬರುತ್ತಿತ್ತು. ಲಾರಿ ಬಿಟ್ಟು ಅದನ್ನೇ ನಂಬಿಕೊಂಡ.

ಆದರೆ ಮದುವೆಯ ಗಾಡಿ ನಡುಬೀದಿಯಲ್ಲಿ ನಿಂತರೆ ಅದು ರಿಪೇರಿಯ ಮಾತಲ್ಲ, ಅಪಶಕುನದ ಮಾತು. ಒಂದೇ ಒಂದು ಸಲ ನಿಂತರೆ ಸಾಕು, ಸೊರಬ ಶಿಕಾರಿಪುರ ಎರಡು ತಾಲ್ಲೂಕಿನಲ್ಲೂ ಆ ಕಾರನ್ನು ಯಾರೂ ಚಪ್ಪರದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಜನಕ್ಕೆ ಧೈರ್ಯ ಕೊಡುತ್ತಿದ್ದದ್ದು ಬಡೇಸಾಬರ ಹೆಬ್ಬೆಟ್ಟು. ಸಾಬರಿಗೆ ಓದು ಬರಹ ಬಾರದು. ತಾವು ಮಾರಿದ ಗಾಡಿಯ ಬಾನೆಟ್ಟು ಎತ್ತಿ ಒಳಮೈಗೆ ಬಿಳಿ ಬಣ್ಣದಲ್ಲಿ ಬಲಗೈ ಹೆಬ್ಬೆಟ್ಟು ಒತ್ತುತ್ತಿದ್ದರು. ಅದೇ ಅವರ ಗ್ಯಾರಂಟಿ, ಒಂದು ವರ್ಷಕ್ಕೆ. ವರ್ಷ ಕಳೆದ ಮೇಲೆ ಮತ್ತೆ ನೋಡಿ, ಗಾಡಿ ಸರಿಯಿದ್ದರೆ ಇನ್ನೊಂದು ಹೆಬ್ಬೆಟ್ಟು, ಇನ್ನೊಂದು ವರ್ಷ. ಬೆನಕಪ್ಪನ ಕಾರಿನ ವರ್ಷ ಆವತ್ತಿಗೆ ಮುಗಿಯುತ್ತಿತ್ತು.

ಇಷ್ಟೇ ಆಗಿದ್ದರೆ ಓಡಾಡುವ ಅಗತ್ಯವೇನಿತ್ತು? ಅವನ ಹೊಟ್ಟೆಯೊಳಗೆ ಒಂದು ಶಬ್ದ ಕೂತಿತ್ತು. ಮೂರು ವಾರದ ಹಿಂದೆ ತೊಗರ್ಸಿಯ ಮೆರವಣಿಗೆಯಲ್ಲಿ, ಡೊಳ್ಳಿನವರ ಹಿಂದೆ ಹೆಜ್ಜೆ ಹೆಜ್ಜೆಗೆ ಕಾರು ಬಿಡುವಾಗ ಇಂಜಿನ್ನಿನ ಮುಂದುಗಡೆಯಿಂದ ಕಿರ್ರ್ ಅಂತ ಬಂತು. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು, ಇಂಜಿನ್ ಎರಡು ಸಲ ಮುಗ್ಗರಿಸಿತು. ಇನ್ನೇನು ನಿಂತೇಬಿಟ್ಟಿತು ಅನ್ನುವಷ್ಟರಲ್ಲಿ ಗಂಡಿನ ಮನೆ ಬಂತು, ಬಚಾವಾದ. ಸಾಬರಿಗೆ ಹೇಳಿದರೆ ಪುಕ್ಕಟೆ ಮಾಡಿಕೊಡುತ್ತಿದ್ದರು, ಸುಳ್ಳಲ್ಲ. ಆದರೆ ಬಿಚ್ಚಿದರೆ ಸಾಮಾನು ಬೊಂಬಾಯಿಯಿಂದ ಬರಬೇಕು, ವೈಶಾಖವೆಲ್ಲ ಕಾರು ಶೆಡ್ಡಿನಲ್ಲಿ ಧೂಳು ತಿನ್ನಬೇಕು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ಉಗುಳಲಾರದೆ ನುಂಗಲಾರದೆ ಮೂರು ವಾರ ತಳ್ಳಿದ್ದ.

ಬಡೇಸಾಬ್ ಬಂದರು. ಬಿಳಿ ಗಡ್ಡ, ಎಣ್ಣೆ ಕುಡಿದು ಕಪ್ಪಾದ ಲುಂಗಿ. ಸ್ಟೇರಿಂಗು ಹಿಡಿದು, "ಹತ್ತು" ಅಂದರು. ಅಂಜನಾಪುರದ ಕಟ್ಟೆಯವರೆಗೆ ಹೋಗಿ ಬಂದರು. ದಾರಿಯುದ್ದಕ್ಕೂ ಸಾಬರು ಕಿವಿಯನ್ನು ಇಂಜಿನ್ನಿಗೇ ಕೊಟ್ಟಿದ್ದರು. ಕಾರು ಜೋರಾಗಿ ಓಡಿತು, ಗಾಳಿ ಹೊಡೆಯಿತು, ಮುಳ್ಳು ಏರಲಿಲ್ಲ, ಶಬ್ದವೂ ಬರಲಿಲ್ಲ. ಬೆನಕಪ್ಪ ಮಾತ್ರ ಸೀಟಿನ ಅಂಚಿಗೆ ಕೂತು ಬೆವೆತುಹೋದ.

ವಾಪಸು ಬಂದು ಬಾನೆಟ್ಟು ಎತ್ತಿದರು. ಅಲ್ಲಾಡಿಸಿ ನೋಡಿದರು, ಮೂಸಿ ನೋಡಿದರು. ಕೊನೆಗೆ ಎಲ್ಲ ಗಿರಾಕಿಗಳಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ನೋಡು ಬೆನಕಪ್ಪ, ನನ್ನ ಕಿವಿಗೆ ಕೇಳೋದನ್ನ ನಾನು ಕೇಳಿದೀನಿ. ನಿನ್ನ ಬಾಯಿಂದ ಬರೋದು ಏನಾದ್ರೂ ಇದ್ರೆ ಈಗ್ಲೇ ಬರ್ಲಿ."

"ಏನಿಲ್ಲ ಸಾಬ್ರೇ. ಹೂವಿನ ಹಾಗೆ ಓಡ್ತದೆ."

ಸಾಬರು ಕೈ ತೊಳೆದು, ಬಣ್ಣದ ಡಬ್ಬಿಗೆ ಹೆಬ್ಬೆಟ್ಟು ಅದ್ದಿದರು. ಅಷ್ಟರಲ್ಲಿ ಅವರ ಹೆಂಡತಿ ಸುಗ್ರಾ ಬೀ ಹಿಂದಿನ ಮನೆಯಿಂದ ಚಹಾ ತಂದರು. ಗಂಡ ಹೆಬ್ಬೆಟ್ಟು ಒತ್ತುವಾಗಲೆಲ್ಲ ಅವರು ಬಂದು ನಿಲ್ಲುವುದು ರೂಢಿ. ಆ ಗಾಡಿಯಲ್ಲಿ ಮೊದಲು ಕೂರುವವರ ಹೆಸರು ಕೇಳಿಕೊಂಡು, ಅವರ ಒಳ್ಳೆಯದಕ್ಕೆ ಕೈಯೆತ್ತಿ ದುವಾ ಮಾಡಿ ಹೋಗುತ್ತಿದ್ದರು.

"ಭಾನುವಾರ ಯಾರಪ್ಪ ಕೂರೋದು?"

"ಸೊರಬದ ಧರ್ಮಪ್ಪನ ಮಗಳು ಕಣಮ್ಮ."

"ಹೆಸರು?"

ಬೆನಕಪ್ಪನಿಗೆ ಗೊತ್ತಿರಲಿಲ್ಲ. ಬಾಡಿಗೆ ಕೇಳಿದ್ದ, ಬೀದಿ ಕೇಳಿದ್ದ, ಹುಡುಗಿಯ ಹೆಸರು ಕೇಳಿರಲಿಲ್ಲ. ತೊಗರ್ಸಿಯ ಹುಡುಗಿಯ ಹೆಸರೂ ಗೊತ್ತಿಲ್ಲ. ಇಂಜಿನ್ ಮುಗ್ಗರಿಸಿದಾಗ ಅವಳು ಬಗ್ಗಿ ಇವನ ಅಂಗಿಯ ಕಾಲರು ಹಿಡಿದುಕೊಂಡದ್ದು ನೆನಪಾಯಿತು. ಸುಗ್ರಾ ಬೀ ಕೈಯೆತ್ತಿ ಹೆಸರಿಗಾಗಿ ಕಾಯುತ್ತಿದ್ದರು.

"ಸಾಬ್ರೇ, ತಡೀರಿ," ಅಂದ ಬೆನಕಪ್ಪ. ಆಮೇಲೆ ನಿಲ್ಲಿಸಲಿಲ್ಲ. ಡೊಳ್ಳು, ಕಿರ್ರ್ ಶಬ್ದ, ಕೆಂಪು ಮುಳ್ಳು, ಎಲ್ಲ ಹೇಳಿಬಿಟ್ಟ.

ಬಡೇಸಾಬರ ಮುಖ ಕಪ್ಪಿಟ್ಟಿತು. ಹಸಿ ಬಣ್ಣದ ಹೆಬ್ಬೆಟ್ಟನ್ನು ಲುಂಗಿಗೇ ಒರೆಸಿಕೊಂಡರು. "ಮೂರು ವಾರ ನನ್ನ ಹೆಸರು ಹೇಳ್ಕೊಂಡು ಹೆಣ್ಮಕ್ಕಳನ್ನ ಕೂರ್‍ಸಿದೀಯ. ನಲವತ್ತು ವರ್ಷದಿಂದ ಒತ್ತಿದ ಹೆಬ್ಬೆಟ್ಟು ಇದು. ನಿನಗೆ ಆಟ ಆಗಿತ್ತೇನೋ?" ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಬೆನಕಪ್ಪನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಬಾನೆಟ್ಟು ಮುಚ್ಚಿ, "ಸಂಜೆವರೆಗೂ ಹಳೇ ಹೆಬ್ಬೆಟ್ಟು ಜೀವ ಇಟ್ಕೊಂಡಿದೆ. ಶಬ್ದ ಬರ್ಲಿ, ನೋಡೋಣ. ಮೆರವಣಿಗೆ ಥರಾನೇ ಬಿಡಬೇಕು. ಹಿಂದೆ ಭಾರಕ್ಕೆ ಎರಡು ಮೂಟೆ ತೌಡು ಹಾಕು," ಅಂದರು.

"ಮೂಟೆ ಯಾಕೆ?" ಅಂದರು ಸುಗ್ರಾ ಬೀ. "ನಾನಿಲ್ವಾ? ನನ್ನ ಮದುವೇಲಿ ಪರದೆ ಕಟ್ಟಿದ ಎತ್ತಿನ ಗಾಡೀಲಿ ತಂದ್ರಿ. ಊರೂ ಕಾಣ್ಲಿಲ್ಲ, ನಿಮ್ಮ ಮುಖಾನೂ ಕಾಣ್ಲಿಲ್ಲ."

"ತಲೆ ಕೆಟ್ಟಿದೆಯಾ ನಿನಗೆ? ಜನ ಏನಂತಾರೆ?"

"ಒಬ್ಬಳೇ ಕೂತ್ರೆ ಅಂತಾರೆ. ನೀವೂ ಹತ್ತಿ."

ಊರಿನ ಗಾಡಿಗಳನ್ನೆಲ್ಲ ಬೆರಳ ತುದಿಯಲ್ಲಿ ಆಡಿಸುವ ಬಡೇಸಾಬ್ ಗೊಣಗುತ್ತಾ ಹೆಂಡತಿಯ ಪಕ್ಕ ಹತ್ತಿ ಕೂತರು. ಬೆನಕಪ್ಪ ಫಸ್ಟ್ ಗೇರಿಗೆ ಹಾಕಿದ. ಕಾರು ಪೇಟೆ ಬೀದಿಯಲ್ಲಿ ಹೆಜ್ಜೆ ಹೆಜ್ಜೆಗೆ ಹೊರಟಿತು. ಡೊಳ್ಳಿಲ್ಲ, ವಾಲಗವಿಲ್ಲ. ಜನ ಅಂಗಡಿ ಬಿಟ್ಟು ಓಡಿ ಬಂದರು. "ಏನ್ ಸಾಬ್ರೇ, ಎರಡನೇ ಸಲಾನಾ?" ಅಂದ ಬಳೆ ಅಂಗಡಿಯ ಕಲ್ಲಪ್ಪ. "ಹೆಣ್ಣು ಅದೇ ಕಣಪ್ಪ, ಗಾಡಿ ಮಾತ್ರ ಬೇರೆ," ಅಂದರು ಸುಗ್ರಾ ಬೀ. ಸೆರಗು ತಲೆ ತುಂಬ ಹೊದ್ದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಬಡೇಸಾಬ್ ಕಣ್ಣು ಮುಚ್ಚಿಕೊಂಡಿದ್ದರು, ಶಬ್ದ ಕೇಳಲಿಕ್ಕೋ ನಾಚಿಕೆಗೋ ಗೊತ್ತಿಲ್ಲ.

ಬೀದಿ ಎರಡು ಸುತ್ತು ಮುಗಿದು ಮೂರನೆಯದಕ್ಕೆ ಬಸ್ ಸ್ಟ್ಯಾಂಡಿನ ತಿರುವಿಗೆ ಬಂದಾಗ ಕಿರ್ರ್ ಅಂದಿತು. ಮುಳ್ಳು ಕೆಂಪಿಗೆ ಹೋಯಿತು. ಇಂಜಿನ್ ಮುಗ್ಗರಿಸಿತು, ಮತ್ತೆ ಮುಗ್ಗರಿಸಿತು, ನಿಂತೇಬಿಟ್ಟಿತು. ಹಣೆಬರಹ ನೋಡಿ, ಸೊರಬದ ಬಸ್ಸು ಬಂದು ನಿಂತದ್ದೂ ಅದೇ ಹೊತ್ತಿಗೆ. ಮೊದಲು ಇಳಿದವನೇ ಧರ್ಮಪ್ಪ.

ಅವನು ಹೊಗೆಯಾಡುವ ಕಾರು ನೋಡಿದ, ಮೇಲೆ ಕೂತ ಮುದಿ ಜೋಡಿ ನೋಡಿದ. "ಇದೇ ಏನ್ರೀ ಕಾರು?"

ಎಲ್ಲ ಮುಗಿಯಿತು ಅಂದುಕೊಂಡ ಬೆನಕಪ್ಪ. "ಇದೇ. ರೋಗ ಇತ್ತು, ಮುಚ್ಚಿಟ್ಟಿದ್ದೆ. ಈಗ ನಿಂತಿದೆ."

"ನಿಂತ ಕಾರಲ್ಲಿ ನನ್ನ ಮಗಳನ್ನ ಕೂರ್‍ಸೋದಾ?" ಧರ್ಮಪ್ಪ ಚೀಲ ಹೆಗಲಿಗೇರಿಸಿದ. "ಎತ್ತಿನ ಗಾಡಿನೇ ಸಾಕು ನಮಗೆ."

"ಎತ್ತಿನ ಗಾಡೀಲಿ ಏನೂ ಕಾಣಲ್ಲ ಕಣಪ್ಪ, ನಾನು ಅದ್ರಲ್ಲೇ ಬಂದವಳು," ಅಂದರು ಸುಗ್ರಾ ಬೀ ಮೇಲಿಂದ. "ನಿಲ್ಲೋದಿತ್ತು, ನಮ್ಮ ಮೆರವಣಿಗೇಲಿ ನಿಂತು ಹೋಯ್ತು. ಮೂವತ್ತೆಂಟು ವರ್ಷದ ಸಂಸಾರಕ್ಕೆ ಇನ್ನೇನು ಅಪಶಕುನ? ನಿನ್ನ ಮಗಳ ಹೆಸರೇನು?"

ಹೊರಟ ಧರ್ಮಪ್ಪ ತಿರುಗಿ ನಿಂತ. "ಗುಡ್ಡಮ್ಮ. ನಮ್ಮವ್ವನ ಹೆಸರು."

ಸುಗ್ರಾ ಬೀ ಅಲ್ಲೇ ಕಣ್ಣು ಮುಚ್ಚಿ ಕೈಯೆತ್ತಿದರು. ಕಣ್ಣು ತೆರೆದು, "ಮೆರವಣಿಗೆ ಅರ್ಧಕ್ಕೆ ಬಿಡಬಾರದು ಅಂತೀರಲ್ಲ. ನಾನು ಇಳಿಯಲ್ಲ. ತಳ್ಳಿ," ಅಂದರು.

ಕಲ್ಲಪ್ಪ ಕೈ ಹಚ್ಚಿದ. ಮತ್ತಿಬ್ಬರು ಬಂದರು. ಧರ್ಮಪ್ಪ ನಿಂತು ನೋಡಿದ. ಆಮೇಲೆ ಚೀಲವನ್ನು ಬೆನಕಪ್ಪನ ಪಕ್ಕದ ಸೀಟಿಗೆ ಎಸೆದು ತಾನೂ ಹೆಗಲು ಕೊಟ್ಟ. ಶೆಡ್ಡಿನ ತನಕ ಯಾವ ಶಬ್ದವೂ ಇಲ್ಲದೆ ಕಾರು ಹೋಯಿತು. ಬೆನಕಪ್ಪ ಸ್ಟೇರಿಂಗು ಹಿಡಿದು ಗುಡ್ಡಮ್ಮ, ಗುಡ್ಡಮ್ಮ ಅಂತ ಮನಸ್ಸಿನಲ್ಲೇ ಹೇಳಿಕೊಂಡ, ಮರೆಯಬಾರದು ಅಂತ.

ಬೊಂಬಾಯಿಯೂ ಬೇಕಾಗಲಿಲ್ಲ, ಮಣ್ಣೂ ಬೇಕಾಗಲಿಲ್ಲ. ಕೆಟ್ಟದ್ದು ನೀರಿನ ಪಂಪಿನ ಬೇರಿಂಗು. ಗದ್ದೆಗೆ ನೀರೆತ್ತುವ ಹಳೇ ಪಂಪ್‌ಸೆಟ್ಟಿನದನ್ನು ಉಜ್ಜಿ ಉಜ್ಜಿ ಬಡೇಸಾಬ್ ಕೂರಿಸಿದರು. ಶುಕ್ರವಾರ ಬೆಳಿಗ್ಗೆ ಡೊಳ್ಳಿನ ನಡಿಗೆಯಲ್ಲಿ ಪೇಟೆ ಬೀದಿ ಹತ್ತು ಸುತ್ತು ಹಾಕಿಸಿದರು. ಧರ್ಮಪ್ಪ ರಾತ್ರಿ ಊರಿಗೆ ಹೋಗದೆ ಶೆಡ್ಡಿನ ಬೆಂಚಿನ ಮೇಲೇ ಕಾದು, ಹತ್ತೂ ಸುತ್ತು ಕಾರಿನ ಪಕ್ಕ ನಡೆದ. ಕಾರು ಉಸಿರೆತ್ತಲಿಲ್ಲ.

ಆಮೇಲೆ ಸಾಬರು ಬಾನೆಟ್ಟು ಎತ್ತಿ ಹಳೆಯದರ ಪಕ್ಕದಲ್ಲಿ ಹೊಸ ಹೆಬ್ಬೆಟ್ಟು ಒತ್ತಿದರು. ಬೆನಕಪ್ಪ ಬಾನೆಟ್ಟು ಮುಚ್ಚಲು ಹೋದ. ಸಾಬರು ಅವನ ಕೈ ಹಿಡಿದು ಹೆಬ್ಬೆಟ್ಟನ್ನು ಡಬ್ಬಿಗೆ ಅದ್ದಿ, ತಮ್ಮದರ ಪಕ್ಕದಲ್ಲಿ ಒತ್ತಿಸಿದರು.

"ನಂದ್ಯಾಕೆ ಸಾಬ್ರೇ?"

"ಕಿವಿ ನಂದು," ಅಂದರು ಬಡೇಸಾಬ್, ಕೈ ಒರೆಸಿಕೊಳ್ಳುತ್ತಾ. "ಬಾಯಿ ನಿಂದು. ಇನ್ನು ಮೇಲೆ ಎರಡೂ ಇರ್ಲಿ."